ಎರೆ ಭೂಮಿಯ ಕೆಳಗಿನ ಬಿಸಿನೀರು: ಹಿರಿಯರೊಂದಿಗೆ ಆಸ್ಟ್ರೇಲಿಯಾದ ಒಳನಾಡಿಗೆ ಹೊರಟವರಿಗೆ

ಮೊದಲು ತಿಂಗಳನ್ನು ನಿಶ್ಚಯಿಸಿ, ಟಿಕೆಟ್ ಆಮೇಲೆ. ಆಸ್ಟ್ರೇಲಿಯಾದ ಒಳನಾಡಿನ ಬಿಸಿನೀರಿನ ಕೊಳಗಳಿಗೆ ಹೋಗುವುದಾದರೆ ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ ಹೋಗಬೇಕು. ಆಗ ಅಲ್ಲಿ ಚಳಿಗಾಲ. ಹಗಲು ಹಿತವಾಗಿರುತ್ತದೆ, ರಾತ್ರಿ ಐದು ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಆ ಚಳಿಯಲ್ಲಿ ಬಿಸಿನೀರಿಗೆ ಇಳಿಯುವುದೇ ಈ ಪ್ರವಾಸದ ಸಾರ. ಡಿಸೆಂಬರ್, ಜನವರಿಯಲ್ಲಿ ಹೋದರೆ ಮೇಲೆ 40 ಡಿಗ್ರಿ ಬಿಸಿಲು, ಕೆಳಗೆ 41 ಡಿಗ್ರಿ ನೀರು. ಅದು ಸುಖವಲ್ಲ, ವಯಸ್ಸಾದವರಿಗೆ ಅಪಾಯ. ಜುಲೈ ಮೊದಲರ್ಧದಲ್ಲಿ ಅಲ್ಲಿನ ಶಾಲೆಗಳಿಗೆ ರಜೆ ಇರುವುದರಿಂದ ಕೋಣೆ ಸಿಗುವುದು ಕಷ್ಟ. ನಾವು ಆಗಸ್ಟ್ ಆರಿಸಿಕೊಂಡೆವು.

ನಾವೆಂದರೆ ನಾಲ್ವರು: ನಾನು, ನನ್ನ ಹೆಂಡತಿ, ಸಿಡ್ನಿಯಲ್ಲಿ ಕೆಲಸ ಮಾಡುವ ಮಗ, ಎಪ್ಪತ್ಮೂರು ವರ್ಷದ ಅವ್ವ. ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು. ಇಪ್ಪತ್ತೆರಡು ವರ್ಷ ಬೋರ್‌ವೆಲ್ ಗಾಡಿ ನಡೆಸಿದ್ದೇನೆ. ಸಿಡ್ನಿಯ ಸೇತುವೆ, ಸಮುದ್ರ ನೋಡಲು ನನಗೆ ಅಷ್ಟು ಆಸೆ ಇರಲಿಲ್ಲ. ಪಂಪು ಇಲ್ಲದೆ, ಕರೆಂಟು ಇಲ್ಲದೆ ತಾನಾಗಿಯೇ ಬಿಸಿನೀರು ಉಕ್ಕುವ ಬೋರ್ ಅಲ್ಲಿದೆ ಎಂದು ಮಗ ಫೋನಿನಲ್ಲಿ ಹೇಳಿದ ದಿನದಿಂದ ಅದನ್ನು ಕಣ್ಣಾರೆ ನೋಡಬೇಕೆಂಬ ಹಂಬಲ ಹತ್ತಿತ್ತು. ಅವ್ವನ ಮೊಣಕಾಲು ನೋವು ಇನ್ನೊಂದು ಕಾರಣ.

ಹೋಗುವ ಮೊದಲು ಆ ನೀರು ಎಲ್ಲಿಂದ ಬರುತ್ತದೆಂದು ತಿಳಿದುಕೊಂಡು ಹೋಗಿ. ತಿಳಿಯದೆ ಹೋದರೆ ನಿಮಗೆ ಕಾಣುವುದು ಸಿಮೆಂಟಿನ ಒಂದು ತೊಟ್ಟಿ ಮಾತ್ರ.

ನಮ್ಮ ಕಡೆ ಬೋರ್ ಕೊರೆಸುವ ರೈತ ಗಾಡಿಯ ಪಕ್ಕದಲ್ಲಿ ನಿಂತು, ಮೇಲೆ ಬರುವ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ ನೋಡುತ್ತಾನೆ. ಹಸಿ ತಾಗಿತೇ, ಇಲ್ಲವೇ? ಏಳುನೂರು ಅಡಿ ಇಳಿದ ಮೇಲೂ ಒಣ ಧೂಳೇ ಬಂದರೆ ಅವನ ಮುಖ ನೋಡಲು ಆಗುವುದಿಲ್ಲ. ನಮ್ಮದು ಕರಿಕಲ್ಲಿನ ನೆಲ. ಬಿರುಕು ಇದ್ದಲ್ಲಿ ನೀರು, ಇಲ್ಲದಲ್ಲಿ ಇಲ್ಲ. ಅಲ್ಲಿನ ಕಥೆಯೇ ಬೇರೆ. ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಭೂಗತ ಜಲಾಶಯ ಸುಮಾರು 17 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಎಂಟು ಕರ್ನಾಟಕ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ನೀರು ಇರುವುದು ಬಿರುಕಿನಲ್ಲಲ್ಲ, ಮರಳುಗಲ್ಲಿನ ಪದರಗಳಲ್ಲಿ. ಆ ಪದರದ ಮೇಲೂ ಕೆಳಗೂ ನೀರು ಬಿಡದ ಬಿಗಿಯಾದ ಪದರಗಳಿವೆ. ಪೂರ್ವದ ಬೆಟ್ಟಸಾಲಿನ ಅಂಚಿನಲ್ಲಿ ಬಿದ್ದ ಮಳೆ ಮರಳುಗಲ್ಲಿಗೆ ಇಳಿದು, ವರ್ಷಕ್ಕೆ ಒಂದರಿಂದ ಐದು ಮೀಟರಿನಷ್ಟು ಮಾತ್ರ ಸರಿಯುತ್ತಾ ಪಶ್ಚಿಮಕ್ಕೆ ಸಾಗುತ್ತದೆ. ಹೀಗಾಗಿ ಕೆಲವೆಡೆ ಮೇಲೆ ಬರುವ ನೀರು ಹತ್ತು ಲಕ್ಷ ವರ್ಷಕ್ಕೂ ಹಳೆಯದು.

ಬಿಸಿ ಏಕೆ? ಅಲ್ಲಿ ಜ್ವಾಲಾಮುಖಿ ಏನೂ ಇಲ್ಲ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸುಮಾರು ಮೂವತ್ತು ಡಿಗ್ರಿಯಷ್ಟು ಶಾಖ ಏರುತ್ತದೆ. ಆ ಪದರ ಕೆಲವೆಡೆ ಮೂರು ಕಿಲೋಮೀಟರ್ ಆಳದವರೆಗೆ ಹೋಗಿದೆ. ಮೇಲಕ್ಕೆ ಏಕೆ ಚಿಮ್ಮುತ್ತದೆ? ಮನೆಯ ಮಾಳಿಗೆ ಮೇಲಿನ ಟಾಕಿಯ ನೀರು ಕೆಳಗಿನ ನಳದಲ್ಲಿ ಒತ್ತಡದಿಂದ ಬರುವುದಿಲ್ಲವೇ, ಅದೇ ಲೆಕ್ಕ. ಬೆಟ್ಟದ ಕಡೆಯ ಎತ್ತರವೇ ಟಾಕಿ, ಬಯಲಿನಲ್ಲಿ ಕೊರೆದ ಬೋರೇ ನಳ. ತೊರವಿಯ ಬಳಿಯ ಸುರಂಗ ಬಾವಡಿಯಿಂದ ಆದಿಲ್‌ಶಾಹಿಗಳು ನೆಲದೊಳಗಿನ ಕಾಲುವೆಯಲ್ಲಿ ವಿಜಯಪುರಕ್ಕೆ ನೀರು ಹರಿಸಿದ್ದನ್ನು ನೋಡಿ ಬೆಳೆದವರಿಗೆ ಇದು ಬೇಗ ತಲೆಗೆ ಹೋಗುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1878ರಲ್ಲಿ ನ್ಯೂ ಸೌತ್ ವೇಲ್ಸ್‌ನ ಬರ್ಕ್ ಎಂಬ ಊರಿನ ಬಳಿ ಇಂಥ ಮೊದಲ ಬೋರ್ ಬಿತ್ತು. ಆಮೇಲೆ ಸಾವಿರಾರು ಬಿದ್ದವು. ಬಹಳಷ್ಟನ್ನು ಬಾಯಿ ಕಟ್ಟದೆ ಬಿಟ್ಟು, ತೆರೆದ ಕಾಲುವೆಯಲ್ಲಿ ಕುರಿ ದನಗಳಿಗೆ ಹರಿಸಿದರು. ಅಂಥ ಕಾಲುವೆಯಲ್ಲಿ ನೂರಕ್ಕೆ ತೊಂಬತ್ತೈದರವರೆಗೆ ನೀರು ಆವಿಯಾಗಿ, ಇಂಗಿ ಹಾಳಾಗುತ್ತಿತ್ತು. ಒತ್ತಡ ಇಳಿಯಿತು, ಅನೇಕ ಸಹಜ ಬುಗ್ಗೆಗಳು ಬತ್ತಿದವು. 1999ರಿಂದ ಸರ್ಕಾರವೂ ರೈತರೂ ಸೇರಿ ಖರ್ಚು ಹಾಕಿ ನೂರಾರು ಬೋರ್‌ಗಳಿಗೆ ವಾಲ್ವ್ ಹಾಕಿದರು, ಕಾಲುವೆ ಮುಚ್ಚಿ ಪೈಪು ಎಳೆದರು. ನಾನು ಎಷ್ಟೋ ರಂಧ್ರ ಕೊರೆದವನು. ಅದನ್ನು ಓದಿದಾಗ ನಮ್ಮ ತಾಲ್ಲೂಕು ಕಣ್ಣ ಮುಂದೆ ಬಂತು, ಎದೆಗೆ ನಾಟಿತು.

ಈಗ ತಯಾರಿ. ಭೇಟಿಯ ವೀಸಾಕ್ಕೆ ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು. ಮೂರು ತಿಂಗಳು ಮುಂಚೆ ಶುರುಮಾಡಿ. ಹಿರಿಯರಿಗೆ ಪ್ರವಾಸ ವಿಮೆ ಮಾಡಿಸುವಾಗ ಬಿ.ಪಿ., ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ, ಬರೆದು ಕೊಡಿ. ನೀವೂ ಕಾರು ಓಡಿಸುವುದಾದರೆ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಕ್ಕೇ ಓಡಿಸುವುದು, ಅಷ್ಟು ನೆಮ್ಮದಿ.

ಕಾರು ಬಾಡಿಗೆಗೆ ಪಡೆಯುವಾಗ ಕರಾರು ಪತ್ರವನ್ನು ಪೂರ್ತಿ ಓದಿ. ಸಾಮಾನ್ಯ ಕಾರುಗಳನ್ನು ಡಾಂಬರಿಲ್ಲದ ರಸ್ತೆಗೆ ಇಳಿಸಿದರೆ ವಿಮೆ ಅನ್ವಯಿಸುವುದಿಲ್ಲ ಎಂದು ಬಹಳ ಕರಾರುಗಳಲ್ಲಿ ಬರೆದಿರುತ್ತದೆ. ಕೆಲವದರಲ್ಲಿ ಪಟ್ಟಣದ ಹೊರಗೆ ರಾತ್ರಿ ಓಡಿಸುವಂತಿಲ್ಲ ಎಂದೂ ಇರುತ್ತದೆ. ನಾನು ಹೇಳುವ ದಾರಿ ಪೂರ್ತಿ ಡಾಂಬರು. ಆದ್ದರಿಂದಲೇ ಹಿರಿಯರಿರುವ ಮನೆಯವರಿಗೆ ಇದನ್ನು ಹೇಳುತ್ತಿದ್ದೇನೆ.

ಊಟದ ವಿಷಯದಲ್ಲಿ ನನ್ನ ಹೆಂಡತಿಯ ಮಾತು ಕೇಳಿ. ಇಂಡಿಯ ನಿಂಬೆಹಣ್ಣನ್ನು ಚೀಲದಲ್ಲಿ ಹಾಕಿಕೊಂಡು ಹೊರಡಬೇಡಿ. ಹಸಿ ಹಣ್ಣು, ತರಕಾರಿ, ಬೀಜಗಳನ್ನು ಆ ದೇಶದೊಳಗೆ ಬಿಡುವುದಿಲ್ಲ. ವಿಮಾನದಲ್ಲಿ ಕೊಡುವ ಚೀಟಿಯಲ್ಲಿ "ಆಹಾರ ಪದಾರ್ಥ ಇದೆಯೇ" ಎಂಬಲ್ಲಿ ಹೌದು ಎಂದೇ ಗುರುತು ಹಾಕಿ. ತೋರಿಸಿದರೆ ಹೆಚ್ಚೆಂದರೆ ಒಂದೆರಡು ಪೊಟ್ಟಣ ತೆಗೆದುಕೊಳ್ಳುತ್ತಾರೆ, ಮುಚ್ಚಿಟ್ಟರೆ ದೊಡ್ಡ ದಂಡ. ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯನ್ನು ಅಧಿಕಾರಿ ಬಿಚ್ಚಿ ನೋಡಿ ಹಾಗೆಯೇ ಬಿಟ್ಟರು. ಅಕ್ಕಿ, ಬೇಳೆ, ಮೊಸರು ಎಲ್ಲವನ್ನೂ ಸಿಡ್ನಿಯ ಹ್ಯಾರಿಸ್ ಪಾರ್ಕ್‌ನ ನಮ್ಮವರ ಅಂಗಡಿಗಳಲ್ಲಿ ಕೊಂಡೆವು. ಒಳನಾಡಿನ ಸಣ್ಣ ಊರುಗಳಲ್ಲಿ ಸಸ್ಯಾಹಾರ ಎಂದರೆ ಹುರಿದ ಆಲೂಗಡ್ಡೆ, ಬ್ರೆಡ್ಡು, ಅಷ್ಟೇ. ಹೋಟೆಲ್ ಕೋಣೆಗಿಂತ ಕ್ಯಾರವಾನ್ ಪಾರ್ಕ್‌ನ, ಅಂದರೆ ಗಾಡಿಮನೆಗಳು ತಂಗುವ ಜಾಗದ, ಸಣ್ಣ ಮನೆ ಹಿಡಿಯಿರಿ; ಒಲೆ, ಪಾತ್ರೆ, ಫ್ರಿಜ್ ಎಲ್ಲ ಇರುತ್ತದೆ. ಕುಕ್ಕರ್ ಮಾತ್ರ ಮಗನ ಮನೆಯಿಂದ ಒಯ್ದೆವು.

ನಾವು ಹೋದ ದಾರಿ ಹೀಗೆ. ಸಿಡ್ನಿಯಿಂದ ಮೊದಲ ದಿನ ಮಡ್ಜಿ, ಸುಮಾರು 270 ಕಿಲೋಮೀಟರ್. ಎರಡನೆಯ ದಿನ ಕೂನಾಬರಬ್ರನ್. ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಮೊಣಕಾಲು ನೋವಿರುವವರನ್ನು ದಿನಕ್ಕೆ 300 ಕಿಲೋಮೀಟರಿಗಿಂತ ಹೆಚ್ಚು ಕೂರಿಸಬೇಡಿ, ಪ್ರತಿ ಒಂದೂವರೆ ತಾಸಿಗೆ ಇಳಿಸಿ ನಡೆಸಿ. ಕೂನಾಬರಬ್ರನ್ ಬಳಿಯ ವಾರಂಬಂಗಲ್ ಬೆಟ್ಟಗಳ ಮೇಲೆ ರಾತ್ರಿಯ ಆಕಾಶ ನೋಡಲು ಒಂದು ತಾಸು ಇಡಿ. ಮೂರನೆಯ ದಿನ ನರಾಬ್ರೈ ದಾಟಿ ಮೋರಿ ಎಂಬ ಊರು. ನರಾಬ್ರೈ ಹೊರಗೆ 22 ಮೀಟರ್ ಅಗಲದ ಆರು ರೇಡಿಯೋ ದೂರದರ್ಶಕ ತಟ್ಟೆಗಳು ಹೊಲಗಳ ನಡುವೆ ನಿಂತಿವೆ.

ನರಾಬ್ರೈ ದಾಟಿದ ಮೇಲೆ ಅವ್ವ ಕಿಟಕಿ ಇಳಿಸಲು ಹೇಳಿದಳು. ಎರಡೂ ಬದಿಗೆ ಕಪ್ಪು ಎರೆ ಭೂಮಿ, ಬಾನಿನ ಅಂಚಿನವರೆಗೆ ಒಂದೇ ಸಮ. ಅದರಲ್ಲಿ ಹಸಿರು ಗೋಧಿ, ಕಡಲೆ. ನಮ್ಮ ಹಿಂಗಾರಿ ಹೊಲವೇ. ಹತ್ತಿಯನ್ನೂ ಜೋಳವನ್ನೂ ಅಲ್ಲಿ ಬೇಸಿಗೆಯಲ್ಲಿ ಬೆಳೆಯುತ್ತಾರೆ. ಅವ್ವ ಕಾರು ನಿಲ್ಲಿಸಲು ಹೇಳಿ, ಇಳಿದು, ಒಂದು ಹೆಂಟೆಯನ್ನು ಬೆರಳಲ್ಲಿ ಪುಡಿಮಾಡಿ ನೋಡಿ, "ಇದು ನಮ್ಮ ಡೋಣಿ ಸಾಲಿನ ಮಣ್ಣು" ಎಂದಳು. ಡೋಣಿ ನಮ್ಮ ಜಿಲ್ಲೆಯ ಹೊಳೆ.

ಆ ಮಣ್ಣಿನ ಗುಣವೂ ಅದೇ. ಮಳೆ ಬಿದ್ದರೆ ಕಾಲು ಬಿಡುವುದಿಲ್ಲ. ಪಿಲ್ಲಿಗಾ ಊರಿನ ಹತ್ತಿರ, ರಾತ್ರಿ ಮಳೆಯಾದ ಮರುದಿನ, ಚಹಾ ಮಾಡಿಕೊಳ್ಳಲೆಂದು ಡಾಂಬರು ಬಿಟ್ಟು ಇಪ್ಪತ್ತು ಮಾರು ಪಕ್ಕಕ್ಕೆ ಇಳಿಸಿದೆವು. ಮೇಲ್ಮಣ್ಣು ಒಣಗಿದಂತೆ ಕಂಡಿತ್ತು. ಗಾಲಿಗೆ ಮಣ್ಣು ರೊಟ್ಟಿಯ ಹಿಟ್ಟಿನಂತೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗುವುದೇ ನಿಂತಿತು. ಎರಡೂವರೆ ತಾಸಿನ ಮೇಲೆ ಒಬ್ಬ ರೈತರು ಟ್ರ್ಯಾಕ್ಟರ್ ತಂದು ಎಳೆದರು. ಹಣ ಕೊಟ್ಟರೆ ಮುಟ್ಟಲಿಲ್ಲ. ನಲವತ್ತು ವರ್ಷ ಎರೆಯಲ್ಲಿ ನಡೆದ ನನಗೆ ಇದು ತಿಳಿದಿರಬೇಕಿತ್ತು, ಅವಸರಪಟ್ಟೆ. ನೀವು ಹಾಗೆ ಮಾಡಬೇಡಿ. ಮಳೆಯಾದ ಮೇಲೆ ಎರಡು ದಿನ ಡಾಂಬರು ಬಿಡಬೇಡಿ. "ರಸ್ತೆ ಮುಚ್ಚಿದೆ" ಎಂಬ ಫಲಕ ಇದ್ದರೆ ದಾಟಬೇಡಿ, ದಂಡ ಬೀಳುತ್ತದೆ. ಎಲ್ಲಿಯಾದರೂ ಸಿಕ್ಕಿಬಿದ್ದರೆ ಕಾರನ್ನು ಬಿಟ್ಟು ನಡೆದು ಹೋಗಬೇಡಿ. ಆಕಾಶದಿಂದ ಹುಡುಕುವವರಿಗೆ ಕಾರು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ನಾವು 20 ಲೀಟರಿನ ಕುಡಿಯುವ ನೀರಿನ ಕ್ಯಾನನ್ನು ಎಂದೂ ಖಾಲಿ ಇಡಲಿಲ್ಲ.

ಕಾಂಗರೂಗಳು ನಸುಕಿನಲ್ಲೂ ಮುಸ್ಸಂಜೆಯಲ್ಲೂ ರಸ್ತೆಗೆ ನುಗ್ಗುತ್ತವೆ. ಸೂರ್ಯ ಮುಳುಗುವ ಒಂದು ತಾಸು ಮೊದಲೇ ಊರು ಸೇರಿಕೊಳ್ಳಿ. ಅಡ್ಡ ಬಂದರೆ ಬ್ರೇಕ್ ಒತ್ತಿ, ಸ್ಟೀರಿಂಗ್ ತಿರುಗಿಸಬೇಡಿ, ತಿರುಗಿಸಿದವರೇ ಮಗುಚುವುದು. ರೋಡ್ ಟ್ರೇನ್ ಎಂಬ ಲಾರಿಗಳು ಮೂರು ನಾಲ್ಕು ಡಬ್ಬಿ ಕಟ್ಟಿಕೊಂಡು ಐವತ್ತು ಮೀಟರಿಗೂ ಉದ್ದ ಇರುತ್ತವೆ. ಎದುರಿನ ದಾರಿ ಒಂದು ಕಿಲೋಮೀಟರಿನಷ್ಟು ಖಾಲಿ ಕಾಣದೆ ಹಿಂದೆ ಹಾಕಲು ಹೋಗಬೇಡಿ. ಪೆಟ್ರೋಲ್ ಅರ್ಧಕ್ಕೆ ಇಳಿದೊಡನೆ ತುಂಬಿಸಿ. ಊರು ಬಿಟ್ಟರೆ ಮೊಬೈಲ್ ಸಿಗ್ನಲ್ ಇಲ್ಲ. ಇದ್ದುದರಲ್ಲಿ ಟೆಲ್‌ಸ್ಟ್ರಾ ಜಾಲದ ಸಿಮ್ ಹೆಚ್ಚು ಕಡೆ ಸಿಗುತ್ತದೆ. ತುರ್ತಿಗೆ ಸಂಖ್ಯೆ 000.

ಮೋರಿಯಲ್ಲಿ ಎರಡು ರಾತ್ರಿ ಇರಿ. 1895ರಲ್ಲಿ ಇಲ್ಲಿ ನೀರಾವರಿಗೆಂದು ಬೋರ್ ಕೊರೆದರು. ಬಂದ ನೀರಿನಲ್ಲಿ ಲವಣಾಂಶ ಹೆಚ್ಚಿದ್ದು ಬೆಳೆಗೆ ಆಗಲಿಲ್ಲ. ಹಾಗಾಗಿ ಸ್ನಾನದ ಕೊಳವಾಯಿತು. ಊರಿನ ದೊಡ್ಡ ಈಜುಕೊಳಕ್ಕೆ ಟಿಕೆಟ್ ಇದೆ. ಕೆಲವು ವಸತಿಗೃಹಗಳಲ್ಲಿ ಸ್ವಂತ ಬಿಸಿನೀರಿನ ಕೊಳವೂ ಇದೆ. ನಡೆಯಲಾಗದವರಿಗೆ ಅದೇ ಅನುಕೂಲ. ಆದರೆ ಈ ಊರಿನ ಕೊಳಕ್ಕೆ ಇಳಿಯುವ ಮುನ್ನ ಒಂದು ಸಂಗತಿ ತಿಳಿದಿರಲಿ. 1955ರಲ್ಲಿ ಇಲ್ಲಿನ ನಗರಸಭೆ ಮೂಲನಿವಾಸಿಗಳು ಕೊಳಕ್ಕೆ ಬರದಂತೆ ನಿಯಮ ಮಾಡಿತು. 1965ರ ಫೆಬ್ರವರಿಯಲ್ಲಿ ಚಾರ್ಲ್ಸ್ ಪರ್ಕಿನ್ಸ್ ಎಂಬ ಮೂಲನಿವಾಸಿ ವಿದ್ಯಾರ್ಥಿ ಮುಖಂಡರು ಸಿಡ್ನಿ ವಿಶ್ವವಿದ್ಯಾಲಯದ ಗೆಳೆಯರೊಂದಿಗೆ ಬಸ್ಸಿನಲ್ಲಿ ಬಂದು, ಮೂಲನಿವಾಸಿ ಮಕ್ಕಳ ಕೈಹಿಡಿದು ಬಾಗಿಲಲ್ಲಿ ನಿಂತರು. ಜನರು ಮೊಟ್ಟೆ, ಟೊಮೆಟೊ ಎಸೆದರು. ಅವರು ಕದಲಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ ಕಥೆ ಕೇಳಿ ಬೆಳೆದವರು ನಾವು. ನನ್ನ ಮಗನಿಗೆ ನಾನು ಆ ಕೊಳದ ಬಾಗಿಲಲ್ಲಿ ನಿಂತು ಎರಡನ್ನೂ ಹೇಳಿದೆ. ನೆಲದೊಳಗೆ ಅಷ್ಟು ಕಾಲ ನಡೆದು ಬಂದ ನೀರನ್ನು ಇವರಿಗೆ, ಅವರಿಗೆ ಎಂದು ಹಂಚುವ ಹಕ್ಕು ಯಾರಿಗೂ ಇಲ್ಲ.

ಮೋರಿಯಿಂದ ಕಾಲರೆನೆಬ್ರೈ, ವಾಲ್ಗೆಟ್ ಮೂಲಕ ಲೈಟ್ನಿಂಗ್ ರಿಡ್ಜ್ ಸುಮಾರು 290 ಕಿಲೋಮೀಟರ್. ಇದು ಕಪ್ಪು ಓಪಲ್ ಎಂಬ ರತ್ನದ ಕಲ್ಲನ್ನು ಅಗೆದು ತೆಗೆಯುವ ಊರು. ಹಳೆಯ ಕಾರಿನ ಬಾಗಿಲುಗಳಿಗೆ ಬಣ್ಣ ಬಳಿದು ದಾರಿಸೂಚಿಗಳಾಗಿ ನಿಲ್ಲಿಸಿದ್ದಾರೆ, ಆ ಬಣ್ಣ ಹಿಡಿದು ಊರು ಸುತ್ತಬಹುದು. ಗಣಿಯ ಬಯಲಿನಲ್ಲಿ ಬಾಯಿ ತೆರೆದ ಗುಂಡಿಗಳಿವೆ. ಫೋಟೋ ತೆಗೆಯುತ್ತಾ ಹಿಂದಕ್ಕೆ ಹೆಜ್ಜೆ ಇಡಬೇಡಿ.

ಇಲ್ಲಿನ ಕೊಳಕ್ಕೆ ಟಿಕೆಟ್ ಇಲ್ಲ, ರಾತ್ರಿ ಹಗಲು ತೆರೆದಿರುತ್ತದೆ. ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಶುಚಿ ಮಾಡಲು ಮುಚ್ಚುತ್ತಾರೆ. ನಸುಕಿನ ಐದಕ್ಕೆ ಹೋಗಿ. ನಾವು ಹೋದಾಗ ಹೊರಗೆ ಮೂರು ಡಿಗ್ರಿ. ದೀಪದ ಬೆಳಕಿನಲ್ಲಿ ನೀರಿನ ಮೇಲೆ ಹಬೆ, ಕೆಟ್ಟ ಮೊಟ್ಟೆಯಂಥ ಸಣ್ಣ ಗಂಧಕದ ವಾಸನೆ, ಅಂಚಿನಲ್ಲಿ ಕೂತು ಮೆಲ್ಲಗೆ ಮಾತಾಡುವ ನಾಲ್ಕೈದು ಮುದುಕರು. ನೀರು ಸುಮಾರು 41 ಡಿಗ್ರಿ. ಕೈ ಹಾಕಿದರೆ ಬೆಚ್ಚಗೆ ಅನಿಸುತ್ತದೆ, ಮೈ ಇಳಿಸಿದಾಗಲೇ ಅದರ ಕಾವು ಗೊತ್ತಾಗುವುದು.

ಅವ್ವ ಕೈಮುಗಿದು ಮೆಟ್ಟಿಲು ಇಳಿದಳು. ಎದೆಮಟ್ಟ ನೀರಿಗೆ ಬಂದು, ಮೂಗು ಹಿಡಿದು, ಕೂಡಲಸಂಗಮದಲ್ಲಿ ಮುಳುಗುವಂತೆ ತಲೆ ಬಾಗಿಸಿದಳು. ನಾನು ಭುಜ ಹಿಡಿದು ತಡೆದೆ. "ತಮ್ಮಾ, ತಲೆ ಮುಳುಗಿಸದಿದ್ದರೆ ಅದೆಂಥ ತೀರ್ಥಸ್ನಾನ?" ಎಂದಳು.

ನಮ್ಮವರಿಗೆ ನಾನು ಹೇಳಲೇಬೇಕಾದ ಮಾತು ಇದೇ. ಬೆಚ್ಚನೆಯ ಸಿಹಿನೀರಿನಲ್ಲಿ ನೆಗ್ಲೇರಿಯಾ ಎಂಬ ಕಣ್ಣಿಗೆ ಕಾಣದ ಅಮೀಬಾ ಬದುಕಬಲ್ಲದು. ಮೂಗಿನೊಳಗೆ ನೀರು ನುಗ್ಗಿದರೆ ಅದು ಮಿದುಳಿಗೆ ಹತ್ತುತ್ತದೆ. ಬಹಳ ಅಪರೂಪ, ಆದರೆ ಹತ್ತಿದವರು ಉಳಿಯುವುದು ಇನ್ನೂ ಅಪರೂಪ. ಆ ಕಾಯಿಲೆಯನ್ನು 1965ರಲ್ಲಿ ಮೊದಲು ವರದಿ ಮಾಡಿದ್ದೇ ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು. ಆದ್ದರಿಂದ ಮೂರು ಮುಳುಗು ಬೇಡ, ಆಚಮನ ಬೇಡ, ಮಕ್ಕಳು ಹಾರುವುದು, ಮುಖಕ್ಕೆ ನೀರು ಎರಚುವುದು ಬೇಡ. ಕುತ್ತಿಗೆಯವರೆಗೆ ಸಾಕು. ಅವ್ವನಿಗೆ ಬಾಟಲಿಯ ನೀರನ್ನು ಅಂಗೈಗೆ ಹಾಕಿದೆ, ಅದನ್ನೇ ತಲೆಗೆ ಪ್ರೋಕ್ಷಿಸಿಕೊಂಡು ಸಮಾಧಾನಪಟ್ಟಳು.

ಮೊದಲ ಸಲ ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ಬಿ.ಪಿ. ಇಳಿಯುತ್ತದೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಮೆಟ್ಟಿಲ ಮೇಲೆ ಎರಡು ನಿಮಿಷ ಕೂರಿಸಿ, ನೀರು ಕುಡಿಸಿ, ಆಮೇಲೆ ಕೈಹಿಡಿದು ಎಬ್ಬಿಸಿ. ಹೃದಯದ ಕಾಯಿಲೆ ಇದ್ದವರು, ಬಸುರಿಯರು ವೈದ್ಯರನ್ನು ಕೇಳದೆ ಇಳಿಯಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಬಿಸಿ ತಿಳಿಯುವುದಿಲ್ಲ, ಅವರ ಬಗ್ಗೆ ಎಚ್ಚರ. ಗಾಯ ಇದ್ದರೆ ಬೇಡ. ಬಟ್ಟೆಯ ವಿಷಯ: ನೂಲಿನ ಸೀರೆ ನೆನೆದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಅವ್ವನಿಗೆ ಕಡು ಬಣ್ಣದ, ತೆಳು ಪಾಲಿಯೆಸ್ಟರಿನ ಉದ್ದ ತೋಳಿನ ಅಂಗಿ, ಪೈಜಾಮ ಹೊಲಿಸಿದ್ದೆವು. ಯಾರೂ ಏನೂ ಅನ್ನಲಿಲ್ಲ. ಇಳಿಯುವ ಮುನ್ನ ಪಕ್ಕದ ನಳದಲ್ಲಿ ಮೈತೊಳೆದುಕೊಳ್ಳಿ. ಕೊಳದಲ್ಲಿ ಸಾಬೂನು, ಎಣ್ಣೆ ಬೇಡ.

ಮೊಣಕಾಲು? ಬಿಸಿನೀರಿನಿಂದ ಸವೆದ ಕೀಲು ಮರಳಿ ಬರುವುದಿಲ್ಲ, ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ನೀರಿನಲ್ಲಿ ಮೈಭಾರ ಇಳಿಯುತ್ತದೆ, ಕಾವಿಗೆ ಬಿಗಿದ ಸ್ನಾಯು ಸಡಿಲುತ್ತದೆ. ಎರಡನೆಯ ದಿನ ಅವ್ವ ಕೊಳದಿಂದ ಕಾರಿನವರೆಗೆ ನನ್ನ ಹೆಗಲು ಹಿಡಿಯದೆ ನಡೆದಳು. ಮೂರು ದಿನ, ದಿನಕ್ಕೆರಡು ಸಲ ಹೋದೆವು.

ಹಿಂದಿರುಗುವಾಗ ವಾಲ್ಗೆಟ್, ಬರೆನ್ ಜಂಕ್ಷನ್ ದಾರಿಯಲ್ಲಿ ಪಿಲ್ಲಿಗಾ. ಇಲ್ಲಿ ನೀರು 37 ಡಿಗ್ರಿ, ಮೈಯ ಶಾಖದಷ್ಟೇ. ಹೆಚ್ಚು ಹೊತ್ತು ಕೂರಲು, ಮಕ್ಕಳಿಗೆ, ಇದೇ ಒಳ್ಳೆಯದು. ಊರೇನೂ ದೊಡ್ಡದಲ್ಲ, ಹಾಲು ಬ್ರೆಡ್ಡು ಮೊದಲೇ ಇಟ್ಟುಕೊಳ್ಳಿ. ಅಲ್ಲಿಂದ ಹತ್ತಿಯ ಊರಾದ ವೀ ವಾ, ಮತ್ತೆ ನರಾಬ್ರೈ, ಸಿಡ್ನಿ. ಒಟ್ಟು ಹನ್ನೊಂದು ದಿನ.

ಇವೆಲ್ಲ ಮನುಷ್ಯ ಕೊರೆದ ಬೋರ್‌ಗಳು. ನೆಲ ತಾನೇ ಬಾಯಿ ತೆರೆದ ಬುಗ್ಗೆಗಳನ್ನು ನೋಡಬೇಕೆಂದರೆ ದಕ್ಷಿಣ ಆಸ್ಟ್ರೇಲಿಯಾದ ಊಡ್ನಡಾಟಾ ಟ್ರ್ಯಾಕ್ ಹಿಡಿಯಬೇಕು. ಬಬ್ಲರ್ ಎಂಬ ಬುಗ್ಗೆ, ಬ್ಲಾಂಚ್ ಕಪ್, ಇನ್ನೂ ಉತ್ತರಕ್ಕೆ ನೂರಕ್ಕೂ ಹೆಚ್ಚು ಬುಗ್ಗೆಗಳ ಡಾಲ್‌ಹೌಸಿ. ಅದು ಕಚ್ಚಾ ದಾರಿ, ನಾಲ್ಕು ಗಾಲಿಗೂ ಶಕ್ತಿ ಕೊಡುವ ವಾಹನ, ಎರಡು ಸ್ಟೆಪ್ನಿ, ಉಪಗ್ರಹ ಫೋನ್ ಬೇಕು. ಹಣ್ಣು ತರಕಾರಿಗೆ ರಾಜ್ಯದ ಗಡಿಯಲ್ಲೇ ತಡೆ ಇದೆ. ಡಾಲ್‌ಹೌಸಿ ಆಚೆಯ ಸಿಂಪ್ಸನ್ ಮರುಭೂಮಿಯ ಉದ್ಯಾನಗಳನ್ನು ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಮುಚ್ಚುತ್ತಾರೆ. ಹಿರಿಯರನ್ನು ಅಲ್ಲಿಗೆ ಒಯ್ಯಬೇಡಿ. ಚಳಿ ಆಗದವರಿಗೆ ಡಾರ್ವಿನ್‌ನಿಂದ ಸುಮಾರು 420 ಕಿಲೋಮೀಟರ್ ದೂರದ ಮಟರಾಂಕಾ ಇದೆ. ಸುಮಾರು 34 ಡಿಗ್ರಿಯ ತಿಳಿನೀರು, ತಾಳೆ ಮರಗಳ ನೆರಳು. ಆ ಸೀಮೆಯಲ್ಲಿ ಮೊಸಳೆಗಳಿವೆ, ಫಲಕ ಓದದೆ ಯಾವ ನೀರಿಗೂ ಇಳಿಯಬೇಡಿ.

ಕಾರನ್ನು ಮರಳಿಸುವ ಮುನ್ನ ಅಡಿಭಾಗದ ಎರೆ ಮಣ್ಣನ್ನು ಒತ್ತಡದ ನೀರಿನಿಂದ ತೊಳೆಸಿ. ಒಣಗಿದರೆ ಕಲ್ಲಾಗುತ್ತದೆ, ಶುಚಿಯ ಖರ್ಚನ್ನು ನಿಮ್ಮ ಮೇಲೆ ಹಾಕುತ್ತಾರೆ. ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದೆ, ಕೊಳಕ್ಕೆ ಹೊರಡುವಾಗ ಬೆಳ್ಳಿಯ ಒಡವೆಗಳನ್ನು ಕೋಣೆಯಲ್ಲೇ ಬಿಚ್ಚಿಟ್ಟು ಹೋಗಿ. ನನ್ನ ಹೆಂಡತಿಯ ಕಾಲುಂಗುರ ಮೊದಲ ದಿನವೇ ಕೆಂಡ ಆರಿದ ಇದ್ದಿಲಿನಂತೆ ಕಪ್ಪಾಯಿತು. ಅವ್ವ ತನ್ನ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಸೊಸೆಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಒದ್ದೆ ಬಟ್ಟೆಯಿಂದ ಉಜ್ಜಿ ಮತ್ತೆ ಬೆಳ್ಳಗೆ ಮಾಡಿದಳು.